ಬಲೆಯ ತುಂಡುಗಳನ್ನು ಕೊಂಡ ಮೀನುಗಾರ

ನನ್ನ ಅಕ್ಷರ ಚೆನ್ನಾಗಿಲ್ಲ. ಮಾತನ್ನು ಜೋಡಿಸುವ ಅಭ್ಯಾಸವೂ ನನಗಿಲ್ಲ. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಬರೆಯಲು ಕುಳಿತದ್ದು ಇದೇ ಮೊದಲು. ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುತ್ತಿರುವಾಗ, ಯಾರು ಆಳಬೇಕು, ಹೊರಗಿನಿಂದ ಬಂದವರನ್ನು ಏನು ಮಾಡಬೇಕು, ಯಾವ ಷೇರು ಏರುತ್ತದೆ ಎಂದು ಜನರು ಮಾತನಾಡುವುದನ್ನು ಕೇಳುತ್ತೇನೆ. ಕೇಳಿದಾಗಲೆಲ್ಲ ಈ ಕತೆ ನೆನಪಾಗುತ್ತದೆ. ಬಾಯಿಬಿಟ್ಟು ಹೇಳಲು ಸಂಕೋಚ. ಆದುದರಿಂದ ಬರೆದಿದ್ದೇನೆ. ಇದರಲ್ಲಿ ಒರಟುತನ ಕಂಡರೆ ಅದು ನನ್ನದು, ಕತೆಯದಲ್ಲ.

ಶಿಷ್ಯನೊಬ್ಬನು ಗುರುವಿನ ಬಳಿಗೆ ಬಂದು ಕೇಳಿದನು: "ಗುರುಗಳೇ, ಅಭಿಪ್ರಾಯ ಹೇಳುವುದು ತಪ್ಪೇ?"

ಗುರು ತಲೆಯೆತ್ತಿ ನೋಡಿದರು.

"ಕೆರೆ ಒಡೆದು ಊರು ಕಳೆದುಕೊಂಡ ಕೆಲವು ಕುಟುಂಬಗಳು ಬೆಳಗಿನಿಂದ ನಮ್ಮ ಮಠದ ಹೆಬ್ಬಾಗಿಲಿನ ಹೊರಗೆ ನಿಂತಿವೆ. ಛತ್ರದಲ್ಲಿ ಜಾಗ ಕೇಳುತ್ತಿವೆ. ಒಳಗೆ ಬಿಡಬೇಕೆಂದು ಕೆಲವರು, ಬಿಡಬಾರದೆಂದು ಕೆಲವರು ವಾದಿಸುತ್ತಿದ್ದೇವೆ. ಪ್ರತಿಯೊಬ್ಬನ ಮಾತಿನಲ್ಲಿಯೂ ನ್ಯಾಯವಿರುವಂತೆ ಕಾಣುತ್ತದೆ. ಯಾರ ಅಭಿಪ್ರಾಯ ಸರಿಯೆಂದು ತಾವು ಹೇಳಬೇಕು."

ಅಂದು ಹೆಬ್ಬಾಗಿಲು ಕಾಯುವ ಸರದಿ ಆ ಶಿಷ್ಯನದೇ ಆಗಿತ್ತು. ಕೀಲಿಕೈ ಅವನ ಸೊಂಟದಲ್ಲಿತ್ತು.

ಗುರು, "ಕುಳಿತುಕೋ" ಎಂದರು. ಶಿಷ್ಯನು ಕುಳಿತನು. ಗುರು ಈ ಕತೆಯನ್ನು ಹೇಳಿದರು.

ಕಡಲ ತೀರದಲ್ಲಿ ಒಂದು ಊರಿತ್ತು. ಊರಿಗೆಲ್ಲ ಒಂದೇ ಬಲೆ. ಒಂದು ಮನೆಯವರು ಹೆಣೆದು ಮುಗಿಸಲಾರದಷ್ಟು ದೊಡ್ಡ ಬಲೆ ಅದು. ಆದುದರಿಂದ ಮನೆಗೊಂದು ತುಂಡಿನಂತೆ ಹೆಣೆದು, ತುಂಡುಗಳ ಅಂಚುಗಳನ್ನು ಕೂಡಿಸಿ ಬಲೆ ಮಾಡುತ್ತಿದ್ದರು. ತುಂಡಿನ ಮೂಲೆಯಲ್ಲಿ ಆ ಮನೆಯವರು ಮಾತ್ರ ಹಾಕುವ ಗಂಟೊಂದು ಇರುತ್ತಿತ್ತು. ಅದಕ್ಕೆ ಮನೆಗಂಟು ಎನ್ನುತ್ತಿದ್ದರು. ಬಲೆ ಎಲ್ಲಿ ಹರಿದರೂ ಮನೆಗಂಟನ್ನು ನೋಡಿ ಆ ಮನೆಯವರನ್ನು ಕರೆಯುತ್ತಿದ್ದರು. ಅವರು ಸೂಜಿ ಹಿಡಿದು ಬಂದು ಹೊಲಿಯುತ್ತಿದ್ದರು.

ದೊಡ್ಡ ದೋಣಿಯೊಂದು ಬಲೆಯನ್ನು ಹೊತ್ತೊಯ್ದು ಮೀನಿನ ಹಿಂಡನ್ನು ಸುತ್ತುವರಿಯುತ್ತಿತ್ತು. ದಡದಲ್ಲಿದ್ದವರು ಹಗ್ಗ ಹಿಡಿದು ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ತುಂಡಿಗೊಂದು ಪಾಲು, ಹಗ್ಗ ಹಿಡಿದವನಿಗೊಂದು ಬುಟ್ಟಿ. ಹಗ್ಗ ಹಿಡಿದವನು ಯಾವ ಊರಿನವನೆಂದು ಕೇಳುವ ವಾಡಿಕೆ ಇರಲಿಲ್ಲ.

ಆ ಊರಿನಲ್ಲಿ ಒಬ್ಬ ಮೀನುಗಾರನಿದ್ದನು. ಅವನಿಗೆ ಬಲೆಯ ಒಂದು ತುಂಡು, ಒಂದು ಚಿಕ್ಕ ದೋಣಿ ಇದ್ದವು, ಒಬ್ಬ ತಮ್ಮನಿದ್ದನು. ತಂದೆತಾಯಿ ಇಲ್ಲದ ತಮ್ಮನನ್ನು ಅವನೇ ಉಣ್ಣಿಸಿ ಬೆಳೆಸಿದ್ದನು. ತಮ್ಮನು ಈಗ ದೊಡ್ಡ ದೋಣಿಯ ಹಿಂಬದಿಯಲ್ಲಿ ಕುಳಿತು ಬಲೆ ಬಿಡುತ್ತಿದ್ದನು. ದೊಡ್ಡ ದೋಣಿ ಅಲೆಗೆ ಸಿಕ್ಕಿದರೆ ಹೋಗಿ ತಮ್ಮನನ್ನು ಎತ್ತಿ ತರಬೇಕೆಂದು ಅಣ್ಣನು ತನ್ನ ಚಿಕ್ಕ ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲೆ, ನೀರಿಗೆ ಮುಖಮಾಡಿ, ಯಾವಾಗಲೂ ಸಿದ್ಧವಾಗಿ ಇಟ್ಟಿರುತ್ತಿದ್ದನು.

ಒಮ್ಮೆ ಆ ಊರಿಗೆ ಒಬ್ಬ ವರ್ತಕನು ಬಂದನು. ಊರಿನ ಕಟ್ಟೆಯ ಮೇಲೆ ಕುಳಿತು, "ಮೀನು ಬರುವವರೆಗೆ ಏಕೆ ಕಾಯುತ್ತೀರಿ? ಬರಲಿರುವ ಪಾಲನ್ನು ಇಂದೇ ಮಾರಿರಿ. ತುಂಡು ಬಲೆಯಲ್ಲಿಯೇ ಇರಲಿ, ಒಡೆಯನು ಮಾತ್ರ ಬದಲಾಗಲಿ" ಎಂದನು.

ಜನರಿಗೆ ಅದು ರುಚಿಸಿತು. ಬೆಳಿಗ್ಗೆ ಕೊಂಡ ತುಂಡನ್ನು ಸಂಜೆ ಮಾರಿದರು. ಉಪ್ಪುನೀರನ್ನು ಮುಟ್ಟದ ಎಣ್ಣೆ ವ್ಯಾಪಾರಿ, ಅಕ್ಕಸಾಲಿಗ, ಜೋಯಿಸ ಎಲ್ಲರೂ ಬಲೆಗೆ ಒಡೆಯರಾದರು. ಬೆಲೆ ಮೀನಿನಿಂದ ಏರಲಿಲ್ಲ, ಮಾತಿನಿಂದ ಏರಿತು. ಯಾರೋ ಮೋಡ ಕಂಡೆನೆಂದರೆ ಇಳಿಯಿತು. ಯಾರೋ ಹಕ್ಕಿ ಕಂಡೆನೆಂದರೆ ಮತ್ತೆ ಏರಿತು.

ಮೀನುಗಾರನು ಕೆಲವು ಕಾಲ ದೂರ ನಿಂತು ನೋಡಿದನು. ಒಂದು ದಿನ ಅವನು ಸೂಜಿ ಹಿಡಿದು ಕುಳಿತಿರುವಾಗ ನೆರೆಯವನು ಕಟ್ಟೆಯಿಂದಲೇ ಕೂಗಿದನು: "ಏನು ಮಾರಾಯ, ಇನ್ನೂ ಹೊಲಿಯುತ್ತಲೇ ಕೂತಿದ್ದೀಯಾ? ನಮ್ಮ ಬಲೆಯ ಹತ್ತಿರ ಬಂದರೆ ಎಣ್ಣೆಯವನು ಮೂಗು ಮುಚ್ಚಿಕೊಳ್ಳುತ್ತಿದ್ದ. ಈಗ ಅವನ ಮನೆಗೆ ಹೊಸ ಹಂಚು ಬಂತು. ನಿನ್ನ ಮನೆಗೆ ಬಂದದ್ದು ವಾಸನೆ ಒಂದೇ!"

ಕಟ್ಟೆಯಲ್ಲಿದ್ದವರೆಲ್ಲರೂ ನಕ್ಕರು. ಎಣ್ಣೆ ವ್ಯಾಪಾರಿಯು ಎಲ್ಲರಿಗಿಂತ ಜೋರಾಗಿ ನಕ್ಕನು.

ಮರುದಿನ ಮೀನುಗಾರನು ತನ್ನ ಚಿಕ್ಕ ದೋಣಿಯನ್ನು ವರ್ತಕನಿಗೆ ಮಾರಿ, ಆ ಹಣದಿಂದ ಎರಡು ತುಂಡುಗಳನ್ನು ಕೊಂಡನು. ವರ್ತಕನು ಆ ದೋಣಿಯನ್ನು ಬೇರೆ ಬಂದರಿಗೆ ಕಳುಹಿಸಿಬಿಟ್ಟನು.

ತಮ್ಮನು ಕೇಳಿದನು: "ಅಣ್ಣಾ, ನಾನು ನೀರಿಗೆ ಬಿದ್ದರೆ ಏನು ಮಾಡುತ್ತೀ? ಕಟ್ಟೆಯ ಮೇಲೆ ಕುಳಿತು ನನ್ನ ಬೆಲೆ ಕೂಗುತ್ತೀಯಾ?"

"ಬಿಡು ಬಿಡು, ಅಪಶಕುನ ಆಡಬೇಡ. ಬೆಲೆ ಏರಿದ ಮೇಲೆ ಅದಕ್ಕಿಂತ ದೊಡ್ಡ ದೋಣಿಯನ್ನೇ ತರುತ್ತೇನೆ."

ಕೊಂಡ ತುಂಡುಗಳಲ್ಲಿ ಒಂದು ಮುದುಕಿಯೊಬ್ಬಳದು. ಕೊಡುವಾಗ ಆಕೆ ಹೇಳಿದ್ದಳು: "ನಡುವೆ ಅಂಗೈಯಷ್ಟು ಹರಿದಿದೆ ಮಗಾ. ಕಣ್ಣು ಕಾಣದೆ ಹಾಗೆಯೇ ಬಿಟ್ಟೆ. ನೀನಾದರೂ ಹೊಲಿದುಬಿಡು." ಅವನು ಆಗಲೆಂದನು. ಆದರೆ ಹೇಗೂ ನಾಳೆಯೋ ನಾಡಿದ್ದೋ ಮಾರುವ ತುಂಡು. ಕೊಂಡವನು ಹೊಲಿದುಕೊಳ್ಳಲಿ ಎಂದು ಸುಮ್ಮನಾದನು. ಊರಿನವರೆಲ್ಲರೂ ಹಾಗೆಯೇ ಎಣಿಸಿದ್ದರು. ಮನೆಗಂಟನ್ನು ನೋಡಿ ಕರೆದರೆ, ಮನೆಯವರು "ನಾವು ಮಾರಿದ್ದೇವೆ" ಎನ್ನುತ್ತಿದ್ದರು. ಕೊಂಡವನನ್ನು ಕೇಳಿದರೆ ಅವನೂ ಅದನ್ನೇ ಹೇಳುತ್ತಿದ್ದನು. ತನ್ನದೇ ತುಂಡನ್ನು ಎಂದೂ ಹರಿಯಲು ಬಿಡದಿದ್ದ ಮೀನುಗಾರನ ಸೂಜಿ ತುಕ್ಕು ಹಿಡಿಯಿತು.

ಅದೇ ವರ್ಷ ತೆಂಕಣ ತೀರದಿಂದ ಕೆಲವರು ಬಂದರು. ಅವರ ಊರನ್ನು ಕಡಲು ನುಂಗಿತ್ತು. ಅವರು ಹೊಳೆ ಕಡಲನ್ನು ಸೇರುವಲ್ಲಿ, ಆಚೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡರು. ತಮ್ಮ ಕಿರುದೋಣಿಗಳನ್ನು ಅಲ್ಲಿಯೇ ಸಾಲಾಗಿ ನಿಲ್ಲಿಸಿದರು. ದೊಡ್ಡ ಬಲೆ ಬೀಸಿದ ದಿನ ಬಂದು ಹಗ್ಗ ಹಿಡಿದರು. ವಾಡಿಕೆಯಂತೆ ಬುಟ್ಟಿ ಒಯ್ದರು.

ಆ ವರ್ಷ ಮೀನು ಕಡಿಮೆಯಾಯಿತು. ತುಂಡಿನ ಬೆಲೆ ಇಳಿಯತೊಡಗಿತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ಪ್ರತಿಯೊಬ್ಬನೂ ಒಂದೊಂದು ಕಾರಣ ಹೇಳಿದನು.

"ಬುಟ್ಟಿ ಬುಟ್ಟಿ ಅವರೇ ಹೊತ್ತುಕೊಂಡು ಹೋದರೆ ಪಾಲಿಗೆ ಏನು ಉಳಿಯುತ್ತದೆ?" ಎಂದನು ಎಣ್ಣೆ ವ್ಯಾಪಾರಿ.

"ಇಂದು ಹಗ್ಗ ಹಿಡಿದಿದ್ದಾರೆ. ನಾಳೆ ಯಜಮಾನಿಕೆಯನ್ನೇ ಕೇಳುತ್ತಾರೆ, ನೋಡುತ್ತಿರಿ" ಎಂದನು ಅಕ್ಕಸಾಲಿಗ.

"ಅವರ ಒಲೆಯ ಹೊಗೆಗೇ ಮೀನು ದಿಕ್ಕು ಬದಲಿಸುತ್ತದೆ" ಎಂದನು ಜೋಯಿಸ. ಈ ಮಾತಿಗೆ ಯಾರಾದರೂ ನಗಬಹುದಾಗಿತ್ತು. ಯಾರೂ ನಗಲಿಲ್ಲ.

ಊರಿನ ಯಜಮಾನನನ್ನು ಆರಿಸುವ ಕಾಲ ಬಂತು. ಹಳೆಯ ಯಜಮಾನನು, "ಹಗ್ಗಕ್ಕೆ ಕೈಗಳು ಬೇಕು, ಇರಲಿ ಬಿಡಿ" ಎಂದನು. ಅವನು ಹೊಳೆಯಾಚೆಯವರ ಕಡೆಯವನೆಂದು ಕಟ್ಟೆ ತೀರ್ಮಾನಿಸಿತು. ಹೊಸಬನೊಬ್ಬನು ಎದ್ದು, "ಅವರನ್ನು ಕಳುಹಿಸಿದ ದಿನವೇ ಬೆಲೆ ಏರುತ್ತದೆ. ಒಪ್ಪುವವರು ಕೈ ಎತ್ತಿರಿ" ಎಂದನು.

ಮೀನುಗಾರನಿಗೆ ಅವರ ಮೇಲೆ ಹಗೆಯಿರಲಿಲ್ಲ. ಅವರಲ್ಲೊಬ್ಬನು ಪ್ರತಿಸಲವೂ ಅವನ ಪಕ್ಕದಲ್ಲಿಯೇ ಹಗ್ಗ ಹಿಡಿಯುತ್ತಿದ್ದನು. ಇಬ್ಬರೂ ಒಂದೇ ಚೀಲದ ಎಲೆ ಅಡಿಕೆ ಹಾಕಿಕೊಂಡಿದ್ದರು. ಆದರೆ ಕೊಂಡ ತುಂಡುಗಳು ಇನ್ನೂ ಇವನ ಬಳಿಯಲ್ಲಿಯೇ ಇದ್ದವು. ಬೆಲೆ ಇಳಿಯುತ್ತಲೇ ಇತ್ತು. ಮೀನುಗಾರನು ಕೈ ಎತ್ತಿದನು. ಹೊಸಬನು ಯಜಮಾನನಾದನು, ಹೊಳೆಯಾಚೆಯವರು ಜಾಗ ಬಿಡಬೇಕೆಂದು ತೀರ್ಮಾನವಾಯಿತು.

ಹೊರಡುವ ಮುನ್ನ ಆ ಹಗ್ಗದ ಜೊತೆಗಾರನು ಇವನ ಅಂಗಳಕ್ಕೆ ಬಂದನು. "ಅಣ್ಣಾ, ಬುಟ್ಟಿ ಬೇಡ. ಬರಿಯ ಹಗ್ಗ ಹಿಡಿಯುತ್ತೇವೆ. ಮಳೆಗಾಲ ಕಳೆಯುವವರೆಗೆ ಇರಲು ಬಿಡಿರೆಂದು ಒಂದು ಮಾತು ಹೇಳು."

"ನನ್ನದೇನಿದೆ ಮಾರಾಯ? ಅದು ಊರಿನ ಮಾತು."

ಜೊತೆಗಾರನು ಅಂಗಳದಿಂದ ಕಡಲನ್ನು ನೋಡಿದನು. "ನಮ್ಮ ಮನೆಯಿಂದಲೂ ಕಡಲು ಇಷ್ಟೇ ದೂರದಲ್ಲಿತ್ತು" ಎಂದು ಹೇಳಿ ಹೊರಟುಹೋದನು. ಅವರೆಲ್ಲರೂ ದೋಣಿ ಹತ್ತಿ, ಬಡಗಣ ಬಂಡೆಗಳ ಆಚೆ ಮರವಿಲ್ಲದ ಮರಳುದಿಣ್ಣೆಯೊಂದಕ್ಕೆ ಹೋದರು.

ಅಂದು ಸಂಜೆ ಬೆಲೆ ನಿಜವಾಗಿಯೂ ಏರಿತು. ತನ್ನ ಅಭಿಪ್ರಾಯ ಸರಿಯಾಗಿತ್ತೆಂದು ಮೀನುಗಾರನಿಗೆ ಸಮಾಧಾನವಾಯಿತು.

ಬಳಿಕ ಒಂದು ಬೆಳಿಗ್ಗೆ ಕಡಲು ಕಪ್ಪಾಯಿತು. ಯಾರೂ ಕಂಡಿರದಷ್ಟು ದೊಡ್ಡ ಹಿಂಡು. ದೊಡ್ಡ ದೋಣಿ ಹೋಯಿತು. ತಮ್ಮನು ಬಲೆ ಬಿಟ್ಟನು. ಹಗ್ಗ ದಡಕ್ಕೆ ಬಂತು. ಆದರೆ ಹಗ್ಗಕ್ಕೆ ಕೈಗಳು ಸಾಲಲಿಲ್ಲ. ಊರು ಕಟ್ಟೆಯ ಮೇಲಿತ್ತು. ಅಲ್ಲಿ ಉಸಿರಿಗೊಮ್ಮೆ ಬೆಲೆ ಏರುತ್ತಿತ್ತು.

ಮೀನುಗಾರನು ಹಗ್ಗ ಹಿಡಿದಿದ್ದನು. ಕಿವಿ ಮಾತ್ರ ಕಟ್ಟೆಯ ಕಡೆಗಿತ್ತು. ನೆರೆಯವನು ಕೂಗಿದನು: "ಈಗ ಬಾರೋ, ಈಗ! ಇಂಥ ಬೆಲೆ ನಿನ್ನ ಅಜ್ಜನೂ ಕಂಡಿಲ್ಲ!" ಮೀನುಗಾರನು ಹಗ್ಗ ಬಿಟ್ಟು ಓಡಿದನು. ಎಣ್ಣೆ ವ್ಯಾಪಾರಿಯು ಒಂದು ಬೆಲೆ ಹೇಳಿದನು. ಇನ್ನೂ ಸ್ವಲ್ಪ ಏರಲಿ ಎಂದು ಮೀನುಗಾರನು ಕಾದನು.

ಆಗ ದಡದಿಂದ ಕೂಗು ಕೇಳಿಸಿತು.

ಬಲೆಯು ಅಂಗೈಯಷ್ಟು ಹರಿದಿದ್ದ ಕಡೆಯಿಂದ ಕಿತ್ತುಕೊಂಡು ಹೋಗಿತ್ತು. ಮೀನು ಹೊರಗೆ ನುಗ್ಗಿತು. ಹಿಡಿದಿದ್ದ ಕೆಲವರ ಕೈಗಳಿಂದ ಹಗ್ಗ ಜಾರಿ ನೀರಿಗೆ ಹೋಯಿತು. ಬಲೆಯ ಇನ್ನೊಂದು ತುದಿ ದೋಣಿಯ ಹಿಂಬದಿಗೆ ಕಟ್ಟಿತ್ತು. ದೋಣಿ ಅಲೆಗೆ ಅಡ್ಡವಾಗಿ ತಿರುಗಿ ಮಗುಚಿತು.

ಮೀನುಗಾರನು ತನ್ನ ದೋಣಿಯಿದ್ದ ಜಾಗಕ್ಕೆ ಓಡಿದನು. ಅಲ್ಲಿ ಎರಡು ದಿಮ್ಮಿಗಳಿದ್ದವು. ಹೊಳೆಯ ಆಚೆಗೆ ನೋಡಿದನು. ಕಿರುದೋಣಿಗಳಿದ್ದ ಜಾಗದಲ್ಲಿ ಮರಳಿತ್ತು. ಅವನು ನೀರಿಗೆ ಹಾರಿದನು. ಅಲೆ ಅವನನ್ನು ದಡಕ್ಕೆ ಎಸೆಯಿತು. ಮತ್ತೆ ಹಾರಿದನು, ಮತ್ತೆ ಎಸೆಯಿತು. ದೋಣಿಯವರು ಒಬ್ಬೊಬ್ಬರಾಗಿ ಈಜಿ ದಡ ಸೇರಿದರು. ತಮ್ಮನು ಬರಲಿಲ್ಲ.

ಮೀನುಗಾರನು ತೀರದುದ್ದಕ್ಕೂ ಹುಡುಕುತ್ತ ಬಡಗಣ ಬಂಡೆಗಳವರೆಗೆ ನಡೆದನು. ಅಲ್ಲಿ ನೀರು ತಾಗದಷ್ಟು ಮೇಲೆ ತಮ್ಮನು ಮಲಗಿದ್ದನು. ಯಾರೋ ಅವನ ಮುಖದ ಮರಳನ್ನು ತೊಳೆದಿದ್ದರು. ಹಳೆಯ ಹಾಯಿಬಟ್ಟೆಯೊಂದನ್ನು ಹೊದಿಸಿ, ಗಾಳಿಗೆ ಹಾರದಂತೆ ಅಂಚುಗಳ ಮೇಲೆ ಕಲ್ಲುಗಳನ್ನಿಟ್ಟಿದ್ದರು. ಹೆಜ್ಜೆಗಳು ನೀರಿನಿಂದ ಬಂದು ನೀರಿಗೇ ಹಿಂದಿರುಗಿದ್ದವು. ಮುಟ್ಟಿದವರು ಊರಿನವರ ಮಾತಿಗೆ ಹೆದರಿ ನಿಲ್ಲದೆ ಹೋಗಿದ್ದರು.

ಅವನು ತಮ್ಮನನ್ನು ಅದೇ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಬಂದನು. ಕಟ್ಟೆ ತುಂಬಿತ್ತು. ಬೆಳಿಗ್ಗೆಯೇ ಮಾರಿಬಿಡಬೇಕಿತ್ತೆಂದು ಕೆಲವರು ಹೇಳುತ್ತಿದ್ದರು. ಹಳೆಯ ಯಜಮಾನನಿದ್ದರೆ ಹೀಗಾಗುತ್ತಿರಲಿಲ್ಲವೆಂದು ಇನ್ನು ಕೆಲವರು ಹೇಳುತ್ತಿದ್ದರು. ಹಾಗೆ ಹೇಳಿದವರೂ ಅಂದು ಕೈ ಎತ್ತಿದವರೇ.

ಎಣ್ಣೆ ವ್ಯಾಪಾರಿಯು ಹಾಯಿಬಟ್ಟೆಯನ್ನು ನೋಡಿದನು. "ಇದು ಅವರ ಬಟ್ಟೆಯಲ್ಲವೇ? ಹೆಣದ ಹತ್ತಿರ ಅವರಿಗೇನು ಕೆಲಸ? ನನ್ನನ್ನು ಕೇಳಿದರೆ, ಹೊಟ್ಟೆಕಿಚ್ಚಿಗೆ ಬಲೆ ಕೊಯ್ದವರೂ ಅವರೇ. ಬೆಳ್ಳಿಯ ಉಡಿದಾರ ಉಳಿದಿದೆಯೇ, ಮೊದಲು ಅದನ್ನು ನೋಡು!"

ಉಡಿದಾರ ತಮ್ಮನ ನಡುವಿನಲ್ಲಿಯೇ ಇತ್ತು. ಅದನ್ನು ನೋಡಿದವನು ಅಣ್ಣನೊಬ್ಬನೇ.

"ನೀನೇ ಹೇಳಪ್ಪಾ, ನಿನ್ನ ಅಭಿಪ್ರಾಯವೇನು?" ಎಂದು ಕಟ್ಟೆ ಕೇಳಿತು.

ಹರಿದ ಬಲೆಯನ್ನು ಎಳೆದು ತಂದು ಕಟ್ಟೆಯ ಕೆಳಗೆ ರಾಶಿ ಹಾಕಿದ್ದರು. ಮೇಲೆಯೇ ಮುದುಕಿಯ ಮನೆಗಂಟು ಕಾಣುತ್ತಿತ್ತು. ಮೀನುಗಾರನು ಅದನ್ನೇ ನೋಡುತ್ತ ನಿಂತನು. ಇದು ನನ್ನ ತುಂಡು ಎಂದು ಹೇಳಲು ಬಾಯಿ ತೆರೆದನು. ಮಾತು ಹೊರಗೆ ಬರಲಿಲ್ಲ.

ಅವನು ಸುಮ್ಮನಿದ್ದುದನ್ನು ಕಟ್ಟೆ ಒಪ್ಪಿಗೆಯೆಂದು ತಿಳಿಯಿತು. ಬೆಳಗಾಗುತ್ತಲೇ ಗಂಡಸರು ಕೊಳ್ಳಿ ಹಿಡಿದು ಮರಳುದಿಣ್ಣೆಯ ಕಡೆಗೆ ಹೊರಟರು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನು ಬಹಳ ಹೊತ್ತು ಯೋಚಿಸಿದನು. ಕೊನೆಗೆ ಅವನಿಗೆ ಎಲ್ಲವೂ ಅರ್ಥವಾದಂತೆ ತೋರಿತು.

"ಗುರುಗಳೇ, ಆ ಮೀನುಗಾರನ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂದರೆ..."

ಗುರು ಹೆಬ್ಬಾಗಿಲಿನ ಕಡೆಗೆ ನೋಡಿದರು. ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಮಗು ಅಳುತ್ತಿತ್ತು.

"ಕೀಲಿಕೈ ನಿನ್ನ ಸೊಂಟದಲ್ಲಿಯೇ ಇದೆ" ಎಂದರು.

ಶಿಷ್ಯನು ಎದ್ದು ಹೆಬ್ಬಾಗಿಲಿನ ಕಡೆಗೆ ನಡೆದನು.

ಕತೆ ಇಷ್ಟೇ. ಅಕ್ಷರದಲ್ಲಿಯೂ ಮಾತಿನಲ್ಲಿಯೂ ತಪ್ಪುಗಳಿರುತ್ತವೆ. ಓದಿದವರು ದಯವಿಟ್ಟು ಕ್ಷಮಿಸಬೇಕು.