ಒಲ್ಲೆಗುಡ್ಡದ ಸುಣ್ಣದ ಗೂಡು

ಪ್ರಾಯದಲ್ಲಿ ನಾನು ಎರಡು ಕಂಕುಳಲ್ಲಿ ಎರಡು ಮೂಟೆ ಸುಣ್ಣ ಇರುಕಿಕೊಂಡು, ಬಾಯಲ್ಲಿದ್ದ ಬೀಡಿ ಆರದ ಹಾಗೆ, ಈ ಒಲ್ಲೆಗುಡ್ಡವನ್ನು ಒಂದೇ ಓಟಕ್ಕೆ ಹತ್ತಿದವನು. ಕಂಡವರೆಲ್ಲ ಈಗ ಚರ್ಚಿನ ಹಿಂದೆ ಮಲಗಿದ್ದಾರೆ; ನಂಬದವರು ಹೋಗಿ ಕೇಳಬಹುದು. ಗುಡ್ಡದ ನೆತ್ತಿಯಲ್ಲಿ ಅರ್ಧಕ್ಕೆ ನಿಂತ ಕೋಟೆಗೋಡೆಯಿದೆ, ಅದರ ಬುಡದಲ್ಲಿ ಬಾಯ್ದೆರೆದ ಸುಣ್ಣದ ಗೂಡು. ಕಟ್ಟಿದಂದಿನಿಂದ ಅದರಲ್ಲಿ ಒಂದು ಹರಳು ಸುಣ್ಣವೂ ಬೆಂದಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲೊಬ್ಬ ಪಾಳೇಗಾರನಿದ್ದ. ಅವನ ಮೀಸೆಯ ಮೇಲೆ ಗಿಳಿಗಳು ಕೂರುತ್ತಿದ್ದವಂತೆ. ಕೋಟೆಗೆಂದು ಹೊಸ ಗೂಡು ಹಾಕಿಸಿ, ಮೊದಲ ಬೆಂಕಿಗೆ ಜೋಯಿಸರಿಂದ ಮುಹೂರ್ತ ಇಡಿಸಿದ. ಅದು ಬಿದ್ದದ್ದು ಶುಭ ಶುಕ್ರವಾರ, ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ. ಅಂದು ನಮ್ಮವರ ಮನೆಗಳಲ್ಲಿ ಒಲೆಯನ್ನೂ ಹೊತ್ತಿಸುವುದಿಲ್ಲ. ಹೊಸ ಗೂಡಿಗೆ ಕೊಳ್ಳಿ ಇಡುವುದಾದರೋ ಸುಣ್ಣ ಸುಡುವವರ ಯಜಮಾನನ ಕೈಯೇ ಆಗಬೇಕು, ಇಲ್ಲವಾದರೆ ಸುಣ್ಣ ಕಲ್ಲನ್ನು ಕಚ್ಚುವುದಿಲ್ಲವೆಂಬ ನಂಬಿಕೆ. ಆ ಯಜಮಾನ ನಮ್ಮ ವಂಶದ ಹಿರಿಯ ರಾಯಪ್ಪ; ಅವನು ಅಂದು ಕೊಳ್ಳಿ ಮುಟ್ಟೆನೆಂದ.

“ನಿನ್ನ ದೇವರು ಒಂದು ದಿನ ಕಾಯಲಾರನೇನೋ?” ಎಂದು ಪಾಳೇಗಾರ ಗುಡುಗಿದ.

“ಕಾಯ್ತಾನೆ ಒಡೆಯಾ. ನಿಮ್ಮ ಕೋಟೆ ಕಾಯಲ್ವೆ?”

ಪಾಳೇಗಾರ ಕೆರೆ ಕೆಳಗಿನ ಗದ್ದೆ ಕೊಡುತ್ತೇನೆಂದ; ರಾಯಪ್ಪ “ಒಲ್ಲೆ” ಎಂದ. ಕೈಯ ಬೆಳ್ಳಿ ಕಡಗ ಕಳಚಿ ಚಾಚಿದ; “ಒಲ್ಲೆ.” ಹಾಗಾದರೆ ಗೂಡಿನೊಳಗೆ ನಿನ್ನನ್ನೇ ಇಟ್ಟು ಸುಡಿಸುತ್ತೇನೆಂದ. ಯೇಸುಸ್ವಾಮಿಯ ಹಿಂದೆ ಹೊರಟವನು ದಾರಿಯ ಸುಂಕಕ್ಕೆ ಚೌಕಾಶಿ ಮಾಡಬಾರದು. ರಾಯಪ್ಪನ ಹೆಂಡತಿ ಜ್ಞಾನಮ್ಮ ಗಂಡನ ರುಮಾಲು ಸರಿಮಾಡಿ, “ಹೋಗಿ ಬನ್ನಿ, ಇವತ್ತು ಹೇಗೂ ಮನೇಲಿ ಅಡುಗೆಯಿಲ್ಲ” ಎಂದಳಂತೆ. ಅವನು ತಾನಾಗಿಯೇ ಗೂಡಿಗಿಳಿದ. ಹುಣಿಸೆ ಸೌದೆ ಒಟ್ಟಿದರು, ಎಣ್ಣೆ ಸುರಿದರು, ಪಾಳೇಗಾರ ತಾನೇ ಕೊಳ್ಳಿ ಹಿಡಿದ. ಹಿಡಿದಾಗಲೆಲ್ಲ ಒಳಗಿನಿಂದ “ಒಲ್ಲೆ” ಎಂಬ ಕೂಗು. ಆ ಸದ್ದಿಗೇ ಕೊಳ್ಳಿ ನಂದುವುದು. ಒಂದು ಕಡ್ಡಿಗೂ ಬೆಂಕಿ ತಾಗಲಿಲ್ಲ. ಮೂರನೆಯ ದಿನ, ಯೇಸುಸ್ವಾಮಿ ಮತ್ತೆ ಜೀವಂತವಾಗಿ ಎದ್ದ ಪಾಸ್ಕ ಹಬ್ಬದ ಬೆಳಗ್ಗೆ, ರಾಯಪ್ಪ ಮೈಕೊಡವಿಕೊಂಡು ಎದ್ದು ಬಂದು ಗಂಜಿ ಕೇಳಿದ ಎನ್ನುತ್ತಾರೆ. ಆಮೇಲೆ ಯಾವ ಸುಣ್ಣಗಾರನೂ ಆ ಕೋಟೆಗೆ ಕೈಹಾಕಲಿಲ್ಲ. ಪಾಳೇಗಾರನ ಹೆಸರು ಇಂದು ಯಾರಿಗೂ ನೆನಪಿಲ್ಲ. ಗುಡ್ಡಕ್ಕೆ ಹೆಸರಾಗಿ ನಿಂತದ್ದು ರಾಯಪ್ಪನ ಮಾತು.

ಮೊನ್ನೆ ಗುಡ್ಡ ನೋಡಲು ಬಂದವರಿಗೆ ಇದನ್ನೇ ಹೇಳುತ್ತಿದ್ದೆ. ಸೊಸೆ ಸಗಾಯಮ್ಮ ಗೂಡಿನೊಳಕ್ಕೆ ಬಗ್ಗಿ, ಗೋಡೆ ಸವರಿ, ಮಸಿಯಾದ ಅಂಗೈಯನ್ನು ಎಲ್ಲರೆದುರು ಚಾಚಿದಳು.

“ಏನ್ ಮಾವ, ಬೆಂಕೀನೇ ತಾಗಲಿಲ್ಲ ಅಂತೀರಿ. ಮತ್ತೆ ಒಳಗಿನ ಕಲ್ಲೆಲ್ಲ ಸುಟ್ಟು ಕರ್ರಗಿವೆಯಲ್ಲ?”

ನಾನು ಹೆಗಲು ಕುಣಿಸಿದೆ.

“ತಾಗಿತ್ತೇನೋ ಕಣಮ್ಮ. ರಾಯಪ್ಪ ಮಾತ್ರ ಬೇಯೋಕೆ ಒಲ್ಲೆ ಅಂದ.”