ಗೋಡೆ ಮುಟ್ಟುವ ಮೊದಲು

ಕಲ್ಯಾಣಿಯಲ್ಲಿ ಅಂಗಾತ ಈಜುವ ಪಂದ್ಯ. ಎದುರುಗೋಡೆ ಮುಟ್ಟಿ ತಿರುಗಿ ಬರಬೇಕು. ಮುಟ್ಟುವ ಮೊದಲೇ ಬೋರಲಾದವರು ಹೊರಗೆ. ಪಂದ್ಯಕ್ಕೆ ಇಳಿದವರು ಕಪ್ಪೆ ಮತ್ತು ನೀರುನಾಯಿ.

“ಸ್ವಾಮಿ, ಈ ನಿಯಮ ಅನ್ಯಾಯ,” ಎಂದು ಕಪ್ಪೆ ತೀರ್ಪುಗಾರ ಏಡಿಗೆ ದೂರಿತು. “ತಲೆಯ ಹಿಂದಿನ ಗೋಡೆ ಕಾಣುವುದಾದರೂ ಹೇಗೆ? ಆ ನೀರುನಾಯಿ ಕದ್ದು ಬೋರಲಾದರೆ ನೋಡುವವರು ಯಾರು?”

“ನನ್ನ ಎರಡೂ ಕಣ್ಣು ಅದರ ಮೇಲೆಯೇ ಇರುತ್ತವೆ,” ಎಂದಿತು ಏಡಿ.

ಪಂದ್ಯ ಶುರುವಾಗಿ ಗೋಡೆ ಹತ್ತಿರವಾದಂತೆ ಕಪ್ಪೆಗೆ ತಲೆ ಒಡೆದೀತೆಂಬ ಭಯ ಹೆಚ್ಚಿತು. ಇನ್ನೂ ಒಂದು ಮೊಳ ಇರುವಾಗಲೇ ಅದು ಬೋರಲಾಗಿ, ಗೋಡೆ ನೋಡಿಕೊಂಡು, ಒದ್ದು, ಮತ್ತೆ ಅಂಗಾತವಾಯಿತು. ಏಡಿ ನೀರುನಾಯಿಯನ್ನೇ ನೋಡುತ್ತಿತ್ತು.

“ನೀರುನಾಯಿಯದು ಏನೂ ತಪ್ಪಿಲ್ಲ. ಗೆದ್ದವರು ನೀವು,” ಎಂದು ಪಂದ್ಯ ಮುಗಿದ ಮೇಲೆ ಏಡಿ ಕಪ್ಪೆಗೆ ಹೇಳಿತು. “ಈಗ ನಿಯಮದ ಬಗ್ಗೆ ನಿಮ್ಮ ತಕರಾರು ವಿಚಾರಿಸೋಣವೇ?”

ಕಪ್ಪೆ ಎದುರುಗೋಡೆಯತ್ತ ಒಮ್ಮೆ ನೋಡಿತು.

“ಬೇಡ ಸ್ವಾಮಿ. ನಿಯಮ ಸರಿಯಾಗಿಯೇ ಇದೆ.”