ಸಹಿ ಹಾಕಬೇಕಾದ ಡಾಕ್ಟರು

ತಾಲ್ಲೂಕು ಆಸ್ಪತ್ರೆಯಲ್ಲಿ ಆರೋಗ್ಯ ವಿಮೆಯ ಕಾಗದಪತ್ರ ನೋಡುತ್ತಿದ್ದವಳು ಗುಮಾಸ್ತೆ ಜಯಶೀಲಾ. ಒಂದು ದಿನ ವಿಮೆಯ ನಿಯಮ ಬದಲಾಯಿತು. ಖಾಸಗಿ ಆಸ್ಪತ್ರೆಯಲ್ಲಿ ಪುಕ್ಕಟೆ ಡಯಾಲಿಸಿಸ್ ಮಾಡಿಸಲು ಇನ್ನು ಕಾರ್ಡು ತೋರಿಸಿದರೆ ಸಾಲದು. 'ನಮ್ಮಲ್ಲಿ ಈ ಚಿಕಿತ್ಸೆ ಇಲ್ಲ' ಎಂದು ತಾಲ್ಲೂಕು ಆಸ್ಪತ್ರೆಯ ಕಿಡ್ನಿ ಡಾಕ್ಟರೇ ಬರೆದುಕೊಡಬೇಕು. ಆ ಡಾಕ್ಟರ ಹುದ್ದೆ ನಾಲ್ಕು ವರ್ಷದಿಂದ ಖಾಲಿ.

ಬಳೆ ಮಾರುವ ದುಂಡಮ್ಮ ಊದಿದ ಕಾಲೆಳೆದುಕೊಂಡು ದಿನಾ ಬಂದು, ತನ್ನ ಡಯಾಲಿಸಿಸ್ ಕಾಗದ ಆಯಿತೇ ಎಂದು ಕೇಳುತ್ತಿದ್ದಳು. ಜಯಶೀಲಾ ಅವಳ ಅರ್ಜಿಯ ಜೊತೆ, ಸಹಿ ಹಾಕುವ ಡಾಕ್ಟರೇ ಇಲ್ಲವೆಂದು, ವಿಮೆ ಕಚೇರಿಗೆ ಮೂರು ಪತ್ರ ಬರೆದಳು. ಮೂರಕ್ಕೂ ಒಂದೇ ಉತ್ತರ: ನಿಯಮದಂತೆ ಸಹಿ ಮಾಡಿಸಿ. ದುಂಡಮ್ಮ ಬರುವುದನ್ನೇ ನಿಲ್ಲಿಸಿದಳು.

ಆ ವಾರ ವಿಮೆ ಕಚೇರಿಯ ಸಾಹೇಬರೇ ತಪಾಸಣೆಗೆ ಬಂದರು.

"ಸಹಿಯಿಲ್ಲದ ಅರ್ಜಿ ಯಾಕಮ್ಮ ಕಳಿಸ್ತೀಯ? ಎಲ್ಲಿ ಆ ಡಾಕ್ಟರು?" ಎಂದು ಗದರಿದರು.

"ಅವರ ಕೋಣೇಲಿ ಕೂತಿರಿ ಸಾರ್," ಎಂದು ಜಯಶೀಲಾ ಬಾಗಿಲು ತೆಗೆದಳು.

ಸಾಹೇಬರು ಎರಡು ಗಂಟೆ ಕೂತರು. ಆಮೇಲೆ ಕೂಗಿದರು: "ಯಾವಾಗಮ್ಮ ಬರ್ತಾರೆ ಇವರು?"

"ಅಂಥ ಡಾಕ್ಟರೇ ಇಲ್ಲ ಸಾರ್. ನಾಲ್ಕು ವರ್ಷ ಆಯ್ತು."

"ಮೊದಲೇ ಹೇಳೋಕೇನಾಗಿತ್ತು?"

"ನಾನು ಹೇಳಿದ್ರೆ ನಡೆಯಲ್ಲವಲ್ಲ ಸಾರ್. ಇಲ್ಲ ಅಂತ ಅವರೇ ಬರೆದುಕೊಡಬೇಕಂತೆ."

ಸಾಹೇಬರ ಮುಖ ಕೆಂಪಾಯಿತು, ಆಮೇಲೆ ಸಣ್ಣದಾಯಿತು. ಆಸ್ಪತ್ರೆಯ ಯಾವ ಡಾಕ್ಟರು ಸಹಿ ಹಾಕಿದರೂ ಸಾಕು ಎಂದು ಅಲ್ಲೇ ಆದೇಶ ಬರೆದರು.

ಜಯಶೀಲಾ ಸಹಿಯಾದ ಕಾಗದ ಹಿಡಿದು ದುಂಡಮ್ಮನ ಮನೆಗೆ ಓಡಿದಳು. ಮಗಳು ಬಾಗಿಲಿಗೆ ಬಂದು, "ಅವ್ವ ಮೊನ್ನೆ ತೀರಿಕೊಂಡ್ಳು ಅಕ್ಕಾ," ಎಂದಳು.

ಸಾಹೇಬರು ಇಲ್ಲದ ಡಾಕ್ಟರಿಗೆ ಕಾದು ಕೂತ ಕತೆಯನ್ನು ಊರವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಜಯಶೀಲಾ ಮಾತ್ರ ನಗುವುದಿಲ್ಲ.

"ಮೂರು ಪತ್ರ ಬರೀತಾ ಕೂತೆ," ಎನ್ನುತ್ತಾಳೆ. "ಮೊದಲನೇ ದಿನವೇ ಹೋಗಿ ಆ ಸಾಹೇಬರನ್ನ ಕರಕೊಂಡು ಬರಬೇಕಿತ್ತು."